ದೈವಾಧೀನ ಎಂದು ಬರೆದ ಚೀಟಿ

ಸಂತರಿಗೂ ಜುಬಿಲಿ ಇರುತ್ತದೆ ಎಂದು ನನಗೆ ಗೊತ್ತಾದದ್ದು ಬಿಷಪ್ಪರ ಸುತ್ತೋಲೆ ಬಂದ ದಿನ. ಅಲ್ಲಿಯವರೆಗೆ ಜುಬಿಲಿ ಎಂದರೆ ರಾಜರಿಗೆ, ಇಲ್ಲವೆ ಶಾಲೆಯ ಕಟ್ಟಡಗಳಿಗೆ ಎಂದುಕೊಂಡಿದ್ದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷ ಆಗಿದ್ದೀತು. ಶಿರಸಿಯ ನಮ್ಮ ಇಗರ್ಜಿಯಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು ಆ ಸುತ್ತೋಲೆ ಓದಿದರು. ಯೇಸುವಿನ ಸಾಕುತಂದೆಯಾದ ಬಡಗಿ ಸಂತನ ಗೌರವಕ್ಕಾಗಿ ಇಡೀ ಒಂದು ವರ್ಷ ಜುಬಿಲಿ. ಬುಧವಾರ ಬುಧವಾರ ಮನೆಗಳಲ್ಲಿ ಜಪಮಾಲೆ, ವರ್ಷದೊಳಗೆ ಒಮ್ಮೆ ಯಲ್ಲಾಪುರದ ಇಗರ್ಜಿಯಲ್ಲಿರುವ ಆ ಸಂತನ ಪೀಠಕ್ಕೆ ಯಾತ್ರೆ. ಪಾಪನಿವೇದನೆ ಮಾಡಿ, ಪ್ರಸಾದ ತೆಗೆದುಕೊಂಡು, ಆ ಪೀಠದ ಮುಂದೆ ಪ್ರಾರ್ಥಿಸಿದವರಿಗೆ ಪೂರ್ಣಕ್ಷಮೆ, ಅಂದರೆ ಪಾಪಗಳಿಗಾಗಿ ಸತ್ತ ಮೇಲೆ ಅನುಭವಿಸಬೇಕಾದ ಶಿಕ್ಷೆಯೆಲ್ಲ ಮಾಫಿ. ಆ ಕ್ಷಮೆಯನ್ನು ತಮಗೇ ಇಟ್ಟುಕೊಳ್ಳಬಹುದು, ಇಲ್ಲವೆ ಸತ್ತು ಶುದ್ಧೀಕರಣದ ಬೆಂಕಿಯಲ್ಲಿ ಕಾಯುತ್ತಿರುವ ಒಂದು ಆತ್ಮಕ್ಕೆ ಕೊಡಬಹುದು. ಬದುಕಿರುವ ಇನ್ನೊಬ್ಬರಿಗೆ ಮಾತ್ರ ಕೊಡಲು ಬರುವುದಿಲ್ಲ.

ಕೊನೆಯ ಮಾತು ಓದುವಾಗ ನನ್ನ ತಾಯಿ ನನ್ನ ಮೊಣಕೈ ಹಿಡಿದುಕೊಂಡಳು. ನಮಗೆ ಗೊತ್ತಿಲ್ಲದೆ ಇದ್ದದ್ದು ಅದೊಂದೇ. ನನ್ನ ತಂದೆ ಬದುಕಿದ್ದಾನೋ ಸತ್ತಿದ್ದಾನೋ ಎಂಬುದು.

ತಂದೆಯೂ ಬಡಗಿ. ಗೋವೆಯವನು, ಘಟ್ಟದ ಮೇಲಿನ ಸಾಗವಾನಿಯನ್ನು ನೋಡಿ ಮರುಳಾಗಿ ಶಿರಸಿಗೆ ಬಂದವನು ಎಂದು ತಾಯಿ ತಮಾಷೆ ಮಾಡುತ್ತಿದ್ದಳು. ಸಿದ್ದಾಪುರದವಳಾದ ಅವಳನ್ನು ಮದುವೆಯಾಗಿ ಇಲ್ಲೇ ಉಳಿದ. ನನಗೆ ಒಂಬತ್ತು ತುಂಬಿದ್ದಾಗ ಅವನ ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು ಗೋವೆಯಿಂದ ಸುದ್ದಿ ಬಂತು. ಹದಿನೈದು ದಿನದಲ್ಲಿ ಬರುತ್ತೇನೆ ಎಂದು ಹೋದ. ಗೋವೆ ಆಗ ಪೋರ್ತುಗೀಸರ ಕೈಯಲ್ಲಿತ್ತು. ಅಲ್ಲಿ ಸತ್ಯಾಗ್ರಹ, ಗೋಲಿಬಾರು ಎಂದು ಗಲಾಟೆಯಾಗಿ ನಮ್ಮ ಸರಕಾರ ಗಡಿ ಮುಚ್ಚಿತು. ಹೋದವನು ಅಲ್ಲೇ ಸಿಕ್ಕಿಬಿದ್ದ. ಯಾರ ಯಾರದೋ ಕೈ ದಾಟಿ ಎರಡು ಕಾಗದ ಬಂದವು. ಎರಡನೆಯದರಲ್ಲಿ ಕೊನೆಯ ಸಾಲು, ಹತಾರಗಳಿಗೆ ಎಣ್ಣೆ ಹಚ್ಚುವುದು ಮರೆಯಬೇಡ ಎಂದು. ಹೆಂಡತಿ ಮಗಳ ಆರೋಗ್ಯ ಕೇಳಿದ್ದಕ್ಕಿಂತ ಒಂದು ಸಾಲು ಹೆಚ್ಚಾಗಿ ಉಳಿ, ಬಾಚಿಗಳ ಆರೋಗ್ಯ ಕೇಳಿದ್ದ. ನನಗೆ ಸಿಟ್ಟು ಬಂದಿತ್ತು. ತಾಯಿ ಮಾತ್ರ, ಹತಾರ ಕೇಳುವವನು ವಾಪಸು ಬರುವವನೇ ಎಂದು ಖುಷಿಪಟ್ಟಳು. ಆಮೇಲೆ ಕಾಗದವಿಲ್ಲ.

ಅಂದಿನಿಂದ ಪ್ರತಿ ಶನಿವಾರ ಅವಳು ಹಿತ್ತಲ ಚಪ್ಪರದಲ್ಲಿ ಕೂತು ಒಂದೊಂದೇ ಉಳಿಯನ್ನು ಒರೆಸಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ತಲೆಗೆ ಎಣ್ಣೆಯಿಲ್ಲದ ವಾರವೂ ಗರಗಸಕ್ಕೆ ಇತ್ತು. ನಾಲ್ಕು ಮಳೆಗಾಲ ಕಳೆದರೂ ಒಂದಕ್ಕೂ ತುಕ್ಕು ಬರಲಿಲ್ಲ. ಪಕ್ಕದ ಮನೆಯಲ್ಲಿ ಅಡಿಕೆ ವಖಾರಿಯ ಗುಮಾಸ್ತರ ಹೆಂಡತಿ ಇದ್ದಳು. ಅವಳು ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದು, ಒಂದು ದಿನ ತಾಯಿಯನ್ನು ಕರೆದು, "ಬಾಯಿ, ಆನು ಚಂದಗುಳಿ ಗಣಪಂಗೆ ಗಂಟೆ ಕಟ್ತೆ ಹೇಳಿ ಹೇಳ್ಕಂಡಿದ್ದಿ. ನಿನ್ನ ಗಂಡ ಬತ್ತ, ನೋಡ್ತಾ ಇರು" ಎಂದಳು. ಹರಕೆಯ ಹಿತ್ತಾಳೆ ಗಂಟೆಯನ್ನು ಆಗಲೇ ತರಿಸಿ ಗೋಡೆಯ ಮಾಡದಲ್ಲಿ ಇಟ್ಟೂ ಇದ್ದಳು. ಪಾದ್ರಿಗಳ ಕಿವಿಗೆ ಬೀಳದಿದ್ದರೆ ಸಾಕು ಎಂದು ತಾಯಿ ಹೆದರಿದಳೇ ಹೊರತು ಬೇಡ ಎನ್ನಲಿಲ್ಲ.

ಸುತ್ತೋಲೆ ಓದಿದ ದಿನ ಎಲ್ಲರೂ ಹೋಗುವವರೆಗೆ ಕಾದು ತಾಯಿ ಪಾದ್ರಿಗಳ ಎದುರು ನಿಂತಳು.

"ಫಾದರ್, ಬದ್ಕಿದಾರೋ ಇಲ್ವೋ ಗೊತ್ತಿಲ್ದೇ ಇದ್ದವ್ರಿಗೆ ಎಂತ ಮಾಡೂದು?"

ಅವರು ವಯಸ್ಸಾದವರು, ಒಳ್ಳೆಯವರು. "ಗೊತ್ತಿಲ್ಲದ್ದನ್ನ ದೇವರ ಕೈಗೆ ಬಿಡಬೇಕು, ಬಾಯಿ. ಒಂದು ಚೀಟಿ ಬರೆದು ಕೊಡು. ಯಲ್ಲಾಪುರದಲ್ಲಿ ಪೀಠದ ಮುಂದೆ ಓದ್ತಾರೆ, ಎಲ್ಲರೂ ಸೇರಿ ಪ್ರಾರ್ಥನೆ ಮಾಡ್ತಾರೆ" ಎಂದರು.

ಚೀಟಿಗಳು ಯಾತ್ರೆಗೆ ಒಂದು ವಾರ ಮೊದಲೇ ಯಲ್ಲಾಪುರಕ್ಕೆ ಹೋಗಬೇಕಾಗಿತ್ತು. ಅಲ್ಲಿಯ ಪಾದ್ರಿಗಳು ಅವನ್ನು ಓದಿ ಎರಡು ಪಟ್ಟಿ ಮಾಡುತ್ತಾರೆ. ಒಂದು ರೋಗಿಗಳು, ದೂರ ಹೋದವರು, ಕಷ್ಟದಲ್ಲಿರುವವರು. ಇನ್ನೊಂದು ಸತ್ತವರು. ಚೀಟಿ ಕನ್ನಡದಲ್ಲೇ ಇರಲಿ ಎಂದು ಹೇಳಿದ್ದರು. ಅದಕ್ಕೆ ಕಾರಣವಿತ್ತು. ನಾವೆಲ್ಲ ಮನೆಯಲ್ಲಿ ಆಡುವುದು ಕೊಂಕಣಿ. ಬರೆಯಲು ಕೂತರೆ ಒಬ್ಬರು ರೋಮನ್ ಅಕ್ಷರ, ಇನ್ನೊಬ್ಬರು ನಾಗರಿ, ಮತ್ತೊಬ್ಬರು ಕನ್ನಡ ಅಕ್ಷರ. ಹಿಂದೊಮ್ಮೆ ಇಂಥ ಚೀಟಿಗಳನ್ನು ಓದಲಾಗದೆ ಅರ್ಧ ಜನರ ಹೆಸರು ಬಿಟ್ಟುಹೋಗಿ ಜಗಳವಾಗಿತ್ತಂತೆ.

ತಾಯಿಗೆ ಓದುಬರಹವಿಲ್ಲ. ನಾನು ಏಳನೆಯ ಇಯತ್ತೆ, ಮುಲ್ಕಿ ಪರೀಕ್ಷೆಗೆ ಕೂರುವವಳು, ಕನ್ನಡದಲ್ಲಿ ತರಗತಿಗೇ ಮೊದಲು. ಆ ಗರ್ವ ಎಷ್ಟಿತ್ತೆಂದರೆ ಉಪ್ಪಿನ ಪೊಟ್ಟಣ ಕಟ್ಟಿದ ಕಾಗದದಲ್ಲೂ ತಪ್ಪು ಹುಡುಕುತ್ತಿದ್ದೆ. ತಾಯಿ ನನ್ನ ಮುಂದೆ ಕೂತು ಹೇಳಿದಳು, "ತಾಕಾ ದೆವಾಚ್ಯಾ ಹಾತಾಂತ್ ದಿಲಾ." ಅವನನ್ನು ದೇವರ ಕೈಗೆ ಕೊಟ್ಟಿದ್ದೇನೆ ಎಂದು. ಅದನ್ನೇ ಹಾಗೆಯೇ ಬರೆದಿದ್ದರೆ ಸಾಕಿತ್ತು. ಆದರೆ 'ದೇವರ ಕೈಗೆ ಕೊಟ್ಟಿದ್ದೇನೆ' ಎಂಬುದು ನನಗೆ ಚಿಕ್ಕ ಮಕ್ಕಳ ಮಾತಿನ ಹಾಗೆ ಕಂಡಿತು. ಆ ವಾರವೇ ಮಾಸ್ತರರು ಸವರ್ಣದೀರ್ಘ ಸಂಧಿ ಕಲಿಸಿದ್ದರು. ಪರ ಅಧೀನ ಸೇರಿ ಪರಾಧೀನ, ಸ್ವ ಅಧೀನ ಸೇರಿ ಸ್ವಾಧೀನ. ನಾನು ದೈವವನ್ನೂ ಅಧೀನವನ್ನೂ ಸೇರಿಸಿದೆ. ಎಂಥ ಚೆಂದದ ಶಬ್ದ ಹುಟ್ಟಿತು! ಅದನ್ನು ನಾನೇ ಕಟ್ಟಿದೆ ಎಂದು ನಿಜವಾಗಿ ನಂಬಿದ್ದೆ. 'ದೈವಾಧೀನರಾದ ನನ್ನ ಪತಿಯವರಿಗಾಗಿ ಪ್ರಾರ್ಥಿಸಬೇಕು' ಎಂದು ಬರೆದು, ಕೆಳಗೆ ತಂದೆಯ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದೆ.

ನಮ್ಮ ಮನೆಯಲ್ಲಿ ಸತ್ತವರು ಸತ್ತರು, ಅಷ್ಟೇ. ಅದಕ್ಕೆ ಇಂಥದೊಂದು ಮರ್ಯಾದೆಯ ಶಬ್ದ ಮೊದಲೇ ಇದೆ, ಘಟ್ಟದ ಕೆಳಗಿನ ಕೊಂಕಣಿಯಲ್ಲೂ ಇದೆ ಎಂದು ನನಗೆ ಯಾರು ಹೇಳಿದ್ದರು?

ಓದಿ ಹೇಳು ಎಂದಳು. ಓದಿದೆ. "ದೊಡ್ಡ ಮಾತು ಕಾಣ್ತದೆ. ಪಾದ್ರಿಗೆ ತಿಳೀತದೆ ಅಲ್ದಾ?" ಎಂದಳು. "ಪಾದ್ರಿಗೆ ತಿಳಿಯೂದಿಲ್ವಾ ಮತ್ತೆ?" ಎಂದು ನಾನು ರೇಗಿದೆ. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುತ್ತಿಟ್ಟು ಇಗರ್ಜಿಯ ಬುಟ್ಟಿಗೆ ಹಾಕಿ ಬಂದಳು.

ಯಾತ್ರೆ ಹೊರಟದ್ದು ಮಾರ್ಚಿಯಲ್ಲಿ, ಸಂತನ ಹಬ್ಬದ ಹಿಂದಿನ ದಿನಗಳಲ್ಲಿ. ಸಿದ್ದಾಪುರದ ಕಡೆಯವರು ನಡೆದು ಶಿರಸಿಗೆ ಬಂದು ನಮ್ಮನ್ನು ಕೂಡಿಕೊಂಡರು. ಎಲ್ಲ ಸೇರಿ ಅರವತ್ತು ಎಪ್ಪತ್ತು ಮಂದಿ. ಮುಂದೆ ಒಂದು ಮರದ ಶಿಲುಬೆ, ಹಿಂದೆ ಅವಲಕ್ಕಿ ಬೆಲ್ಲದ ಗಂಟುಗಳು. ತಾಯಿ ಚಪ್ಪಲಿ ಬಿಟ್ಟು ನಡೆದಳು. ಸೋಂದಾ ಕ್ರಾಸಿನವರೆಗೆ ನಾನೂ ಬಿಟ್ಟೆ, ಆಮೇಲೆ ಹಾಕಿಕೊಂಡೆ. ದಾರಿಯಲ್ಲಿ ಸಾಗವಾನಿ ದಿಮ್ಮಿ ಹೇರಿದ ಲಾರಿಗಳು ಎದುರಾಗಿ ಕೆಂಪು ಧೂಳು ಮೇಲೇಳುತ್ತಿತ್ತು. ಎಲ್ಲರೂ ಸೆರಗು ಮುಚ್ಚಿಕೊಂಡರೆ ಇವಳು ಮಾತ್ರ ಕಣ್ಣು ಕಿರಿದು ಮಾಡಿ ದಿಮ್ಮಿಗಳನ್ನೇ ನೋಡುವಳು. "ನಿನ್ನ ಅಪ್ಪ ಆಗಿದ್ರೆ ಇದ್ರಲ್ಲಿ ಎಷ್ಟು ಬಾಗಿಲು ಆಗ್ತದೆ ಅಂತ ಇಲ್ಲೇ ಹೇಳ್ತಿದ್ರು" ಎಂದಳು. ಮಂಚಿಕೇರಿಯ ಶಾಲೆಯ ಜಗಲಿಯಲ್ಲಿ ತಂಗಿ, ಬೇಡ್ತಿ ಹೊಳೆಯಲ್ಲಿ ಕಾಲು ನೆನೆಸಿಕೊಂಡು, ಎರಡನೆಯ ದಿನ ಯಲ್ಲಾಪುರ ಮುಟ್ಟಿದೆವು. ಅವಳು ಅಷ್ಟು ಲವಲವಿಕೆಯಿಂದ ಇದ್ದದ್ದನ್ನು ನಾನು ಅದರ ಹಿಂದೆಯೂ ಮುಂದೆಯೂ ಕಂಡಿಲ್ಲ. ಅವಳಿಗೆ ಖಾತ್ರಿಯಿತ್ತು. ಬಡಗಿಯ ಅಹವಾಲನ್ನು ಬಡಗಿ ಕೇಳದೆ ಇರುವುದು ಹೇಗೆ?

ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಡಿನ ಒಳಗಿನ ಹಳ್ಳಿಗಳಿಂದ ಸಿದ್ದಿಯರು ಬಂದಿದ್ದರು, ಹಳಿಯಾಳದ ಕಡೆಯವರು ಬಂದಿದ್ದರು. ಪಾದ್ರಿಗಳು ಪ್ರಸಂಗದಲ್ಲಿ ಒಂದು ಮಾತು ಹೇಳಿದರು. ಈ ಸಂತ ಆಡಿದ ಒಂದೇ ಒಂದು ಮಾತೂ ಬೈಬಲಿನಲ್ಲಿಲ್ಲ. ಅವನು ಹೇಗೆ ಸತ್ತ, ಯಾವಾಗ ಸತ್ತ ಎಂದೂ ಇಲ್ಲ. ಮಗನಿಗೆ ಹನ್ನೆರಡು ವರ್ಷವಾದಾಗ ಇದ್ದಾನೆ, ಆಮೇಲೆ ಕತೆಯಲ್ಲಿ ಇಲ್ಲ. ತಾಯಿ ಅದನ್ನು ಕೇಳಿ ನನ್ನ ಕಡೆ ತಿರುಗಿ ತಲೆಯಾಡಿಸಿದಳು, ನಮ್ಮ ಮನೆಯ ವಿಷಯವನ್ನೇ ಹೇಳುತ್ತಿದ್ದಾರೆ ಎನ್ನುವಂತೆ.

ಆಮೇಲೆ ಪಟ್ಟಿ ಓದಿದರು. ಮೊದಲು ಬದುಕಿದ್ದವರದು. ಗಂಟಲು ಹುಣ್ಣಿನವರು, ಮಕ್ಕಳಾಗದವರು, ಮುಂಬಯಿಗೆ ಹೋಗಿ ಸುದ್ದಿಯಿಲ್ಲದವರು. ಒಂದೊಂದು ಹೆಸರಿಗೂ ತಾಯಿ ಮೊಣಕಾಲಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗುವಳು, ತನ್ನದಲ್ಲ ಎಂದು ತಿಳಿದು ಹಿಂದಕ್ಕೆ ಕೂರುವಳು. ಆ ಪಟ್ಟಿ ಮುಗಿಯಿತು. ತಂದೆಯ ಹೆಸರು ಬರಲಿಲ್ಲ. ಚೀಟಿ ಎಲ್ಲೋ ಬಿದ್ದುಹೋಗಿರಬೇಕು ಎಂದು ನಾನು ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಅಷ್ಟರಲ್ಲಿ ಎರಡನೆಯ ಪಟ್ಟಿ ಶುರುವಾಯಿತು, ಶುದ್ಧೀಕರಣದಲ್ಲಿರುವ ಆತ್ಮಗಳು. ಮೂರನೆಯದೋ ನಾಲ್ಕನೆಯದೋ ಹೆಸರು ನನ್ನ ತಂದೆಯದು. ಹೆಸರು, ಮನೆತನದ ಹೆಸರು, ಶಿರಸಿ. ಸ್ಪಷ್ಟವಾಗಿ ಓದಿದರು.

ತಾಯಿ ಅಳಲಿಲ್ಲ. ನಿಧಾನವಾಗಿ ಶಿಲುಬೆಯ ಗುರುತು ಹಾಕಿಕೊಂಡಳು. ನಾನೂ ಹಾಕಿಕೊಂಡೆ. ನನಗೂ ಆಗ ಬೇರೆ ಏನೂ ಹೊಳೆಯಲಿಲ್ಲ. ಗೋವೆಯ ಪಾದ್ರಿಗಳಿಗೂ ಇಲ್ಲಿಯವರಿಗೂ ಹೇಗೋ ಓಲೆ ಓಡಾಡುತ್ತದೆ ಎಂದು ನಮ್ಮವರು ಮಾತಾಡಿಕೊಳ್ಳುತ್ತಿದ್ದರು. ಇವರಿಗೆ ಸುದ್ದಿ ಬಂದಿದೆ, ನಮಗೆ ಹೇಳಲು ಮನಸ್ಸಾಗದೆ ಹೀಗೆ ತಿಳಿಸಿದ್ದಾರೆ ಎಂದು ಇಬ್ಬರೂ ನಂಬಿದೆವು. ತಾಯಿ ಎದ್ದು ಪೀಠದ ಹತ್ತಿರ ಹೋಗಿ ತನ್ನ ಪೂರ್ಣಕ್ಷಮೆಯನ್ನು ಅವನ ಆತ್ಮಕ್ಕೆ ಕೊಟ್ಟಳು. ಹೊರಗೆ ಬಂದಾಗ "ಪಾದ್ರೀನ ಕೇಳೂದಾ?" ಎಂದೆ. "ಕೇಳಿ ಎಂತ ಮಾಡೂದು? ಅವರ ಬಾಯಿಂದ ಇನ್ನೊಂದ್ಸಲ ಕೇಳಬೇಕಾ?" ಎಂದಳು.

ವಾಪಸು ಬರುವಾಗ ಬೇಡ್ತಿ ಹೊಳೆಯಲ್ಲಿ ಇಳಿದು ಕಲ್ಲಿನ ಮೇಲೆ ಬಳೆ ಒಡೆದುಕೊಂಡಳು. ನಮ್ಮಲ್ಲಿ ಗಂಡನ ಶವಪೆಟ್ಟಿಗೆಯ ಮೇಲೆ ಬಳೆ ಒಡೆಯುವುದು ರೂಢಿ. ಪೆಟ್ಟಿಗೆ ಇಲ್ಲವಲ್ಲ. ಸಿದ್ದಾಪುರದ ಹೆಂಗಸರು ಅವಳನ್ನು ಸುತ್ತಿ ನಿಂತು ಅತ್ತರು. ಮನೆಗೆ ಬಂದು ಕಪ್ಪು ಸೀರೆ ಉಟ್ಟಳು. ಸಾಯುವವರೆಗೂ ಅದನ್ನು ಬಿಡಲಿಲ್ಲ.

ಶನಿವಾರ ಬಂತು. ಅವಳು ಚಪ್ಪರಕ್ಕೆ ಹೋಗಲಿಲ್ಲ. ಮರುವಾರ ಊರಿನ ಒಬ್ಬ ಆಚಾರಿಯನ್ನು ಕರೆಸಿ ಉಳಿ, ಬಾಚಿ, ಕೀಸುಳಿ, ಗರಗಸ ಎಲ್ಲವನ್ನೂ ಕೊಟ್ಟಳು. ಅವನು ಉಳಿಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ, "ಇದು ನಾಲ್ಕು ವರ್ಷ ಬಿಟ್ಟಿದ್ದ ಹತಾರ ಅಲ್ಲ ಬಿಡಿ" ಎಂದ. ಪಕ್ಕದ ಮನೆಯವಳು ಬೇಲಿಯ ಹತ್ತಿರ ಬಂದು ತಾಯಿಯ ಕೈ ಹಿಡಿದುಕೊಂಡು, "ಬೇಜಾರ ಮಾಡ್ಕ್ಯಳಡ" ಎಂದಳು. ಆ ಗಂಟೆಯನ್ನು ಅವಳು ಮುಂದೆ ತನ್ನ ಮಗಳ ಮದುವೆಯ ಹರಕೆಗೆ ಕಟ್ಟಿದಳಂತೆ. ತಂದೆ ಬದುಕಿದ್ದಾನೆಂದು ನಂಬಿ ದೇವರನ್ನು ಕೇಳುತ್ತಿದ್ದವರಲ್ಲಿ ಕೊನೆಯವಳು ಅವಳೇ.

ಮುಲ್ಕಿ ಪರೀಕ್ಷೆಯ ಹಿಂದಿನ ವಾರ ಶಾಲೆಗೆ ಒಂದು ಕಾರ್ಡು ಬಂತು. ಹಿಂದೆ ನಮ್ಮ ಶಾಲೆಯಲ್ಲಿದ್ದ ಮುಖ್ಯಾಧ್ಯಾಪಕರು ದೈವಾಧೀನರಾದರು, ಆದ್ದರಿಂದ ಇಂದು ಶಾಲೆಗೆ ರಜೆ ಎಂದು ಮಾಸ್ತರರು ಓದಿದರು. ನನಗೆ ನಗು ಬಂತು. ನನ್ನ ಶಬ್ದ ಇವರಿಗೆ ಹೇಗೆ ಸಿಕ್ಕಿತು ಎಂದು.

"ಎಂತ ತಂಗಿ, ಸಾವಿನ ಸುದ್ದಿಗೆ ಎಂತಕ್ಕೆ ನಗ್ತೆ?"

"ದೇವರ ಕೈಗೆ ಹೋದ್ರು ಅಂದ್ರೆ ಸತ್ರು ಅಂತ್ಲಾ ಸರ್?"

"ಮತ್ತೆಂತ? ದೈವಾಧೀನ ಅಂದ್ರೆ ತೀರಿಕೊಂಡ್ರು ಅಂತ. ನೀನು ಕನ್ನಡದಲ್ಲಿ ಮೊದಲು ಬೇರೆ!"

ಉಳಿದವರೆಲ್ಲ ಕೂಗಿಕೊಂಡು ಮನೆಗೆ ಓಡಿದರು. ನಾನು ಬೆಂಚಿನಲ್ಲೇ ಕೂತಿದ್ದೆ. ಪಾದ್ರಿಗಳಿಗೆ ಗೋವೆಯಿಂದ ಯಾವ ಓಲೆಯೂ ಬಂದಿರಲಿಲ್ಲ. ಅವರಿಗೆ ಸುದ್ದಿ ಕೊಟ್ಟವಳು ನಾನು. ನನ್ನ ತಂದೆಯನ್ನು ನಾನು ಒಂದು ಸಂಧಿಕಾರ್ಯದಿಂದ ಕೊಂದಿದ್ದೆ.

ಆ ದಿನವೇ ಹೇಳಬೇಕು ಎಂದು ಮನೆಗೆ ಹೋದೆ. ತಾಯಿ ಕಪ್ಪು ಸೀರೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಹೇಳಿದರೆ ಮತ್ತೆ ಬಳೆ ತೊಡಬೇಕು. ಆಚಾರಿಯಿಂದ ಹತಾರ ವಾಪಸು ಕೇಳಬೇಕು. ಎಲ್ಲಕ್ಕಿಂತ ಮೊದಲು, ಅವಳು ಮತ್ತೆ ಕಾಯಲು ಶುರು ಮಾಡಬೇಕು. ನಾಲ್ಕು ವರ್ಷ ಕಾದವಳ ಮುಖವನ್ನು ದಿನಾ ನೋಡಿದವಳು ನಾನು. ಹೀಗೆಲ್ಲ ಈಗ ಕಾರಣ ಕೊಡುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು, ಅಷ್ಟೇ. ಪಾಪನಿವೇದನೆಯಲ್ಲಿ ಒಮ್ಮೆ ಹೇಳಿದೆ. ಜಾಲರಿಯ ಆಚೆಯಿಂದ ಪಾದ್ರಿಗಳು, "ಗೊತ್ತಿಲ್ಲದೆ ಮಾಡಿದ್ದು ಪಾಪ ಅಲ್ಲ ಮಗಳೇ. ಗೊತ್ತಾದ ಮೇಲೆ ಮುಚ್ಚಿಡೂದು ಪಾಪ. ತಾಯಿಗೆ ಹೇಳು" ಎಂದರು. ಅದರ ನಂತರ ಪ್ರತಿ ಸಲವೂ ಬೇರೆ ಸಣ್ಣಪುಟ್ಟ ಪಾಪಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಜುಬಿಲಿ ವರ್ಷ ಮುಗಿಯಿತು. ಬುಧವಾರದ ಜಪಮಾಲೆ ನಿಂತಿತು. ಅಷ್ಟು ಹೊತ್ತಿಗೆ ನಾನೂ, ಅವನು ನಿಜವಾಗಿ ಸತ್ತಿರಬೇಕು, ಬದುಕಿದ್ದರೆ ಒಂದು ಗೆರೆಯನ್ನಾದರೂ ಬರೆಯುತ್ತಿದ್ದ ಎಂದು ನನಗೆ ನಾನೇ ಹೇಳಿಕೊಳ್ಳತೊಡಗಿದ್ದೆ. ಹಾಗಾಗಿದ್ದರೆ ನನ್ನ ತಪ್ಪು ತಪ್ಪೇ ಅಲ್ಲವಲ್ಲ. ತಂದೆ ಸತ್ತಿರಲಿ ಎಂದು ಪ್ರಾರ್ಥಿಸಿದ ಮಗಳು ನಾನು.

ಗೋವೆ ಬಿಡುಗಡೆಯಾಯಿತು. ದಾರಿ ತೆರೆಯಿತು. ಮರುಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಂದೆಯ ಅಕ್ಕನ ಮಗ ನಮ್ಮ ಮನೆ ಹುಡುಕಿಕೊಂಡು ಬಂದ. ನಾವು ಅವನನ್ನು ಕಂಡದ್ದು ಅದೇ ಮೊದಲು. ತಾಯಿಯ ಕಪ್ಪು ಸೀರೆ ನೋಡಿ ಬಾಗಿಲಲ್ಲೇ ನಿಂತ. "ನಿಮಗೆ ಸುದ್ದಿ ಮುಟ್ಟಿತ್ತಾ ಹಾಗಾದ್ರೆ?" ಎಂದು ಕೇಳಿದ.

"ಮುಟ್ಟಿ ಮೂರು ವರ್ಷ ಆಯ್ತಲ್ಲ" ಎಂದಳು ತಾಯಿ.

ಅವನು ಗೊಂದಲಕ್ಕೆ ಬಿದ್ದ. "ಮಾಮಿ, ಮಾಮ ಹೋದದ್ದು ಹೋದ ಮಳೆಗಾಲದಲ್ಲಿ."

ತಾಯಿ ಅವನನ್ನು ತಿದ್ದಲು ಹೋದಳು. ಇಲ್ಲ, ಜುಬಿಲಿ ವರ್ಷ ಯಲ್ಲಾಪುರದಲ್ಲಿ ಓದಿದರು, ನಾನೇ ಕೇಳಿದ್ದೇನೆ ಎಂದಳು. ಅವನು ಪಾಪ, ಅವಳ ಮಾತಿಗೆ ಎದುರಾಡಲಾರದೆ ತಾನು ಕಂಡದ್ದನ್ನು ಹೇಳಿದ. ಎದೆಯ ರೋಗವಿತ್ತು. ಎರಡು ವರ್ಷ ಕೆಮ್ಮಿದ. ಯಾರದೋ ಹತಾರ ಕಡ ತಂದು ಕೆಲಸ ಮಾಡುತ್ತಿದ್ದ, ಹೆರವರ ಉಳಿ ಕೈಗೆ ಕೂರುವುದಿಲ್ಲ, ನನ್ನವು ಶಿರಸಿಯಲ್ಲಿವೆ ಎನ್ನುತ್ತಿದ್ದ. ಗಡಿ ದಾಟುವವರು ಸಿಕ್ಕಿದರೆ ಹೇಳಿ ಕಳಿಸುತ್ತಿದ್ದ, ಯಾರೂ ಮುಟ್ಟಿಸಿದ ಹಾಗೆ ಕಾಣುವುದಿಲ್ಲ. ಕೊನೆಯ ವಾರ, ಅವಳು ನನಗಾಗಿ ಪ್ರಾರ್ಥನೆ ಮಾಡ್ತಿರ್ತಾಳೆ, ಅದಕ್ಕೇ ಇಷ್ಟು ದಿನ ಎಳೆದೆ ಎಂದನಂತೆ. ಇಷ್ಟು ಹೇಳಿ ಅವನು ಚೀಲದಿಂದ ತಂದೆಯ ಜಪಮಾಲೆಯನ್ನೂ ಒಂದು ಮೊಂಡು ಪೆನ್ಸಿಲನ್ನೂ ತೆಗೆದು ಮಣೆಯ ಮೇಲೆ ಇಟ್ಟ.

ತಾಯಿ ಬಹಳ ಹೊತ್ತು ಅವನ್ನು ಮುಟ್ಟಲಿಲ್ಲ. ಅವಳು ಬೆರಳು ಮಡಿಸಿ ಮಳೆಗಾಲಗಳನ್ನು ಎಣಿಸುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಾಂಗಾರೆ ಅವತ್ತು ಅವರು ಬದ್ಕಿದ್ರು. ಬದ್ಕಿದ್ದವ್ರಿಗೆ ಕೊಡೂಕೆ ಬರೂದಿಲ್ಲ ಅಂದಿದ್ರು ಅಲ್ದಾ? ನಾ ಕೊಟ್ಟ ಕ್ಷಮೆ ಎಲ್ಲಿ ಹೋಯ್ತೇ?"

ನಾನು ಮಣೆಯ ಮೇಲಿದ್ದ ಪೆನ್ಸಿಲನ್ನು ಜಪಮಾಲೆಯ ಪಕ್ಕಕ್ಕೆ ಸರಿಸಿದೆ.

"ಈಗ ಬೇಕಾಗಿತ್ತು ಅದು. ಈಗ ಜುಬಿಲಿ ಮುಗ್ದು ಹೋಗದೆ."

ಅಂಥ ಕ್ಷಮೆ ಬೇರೆ ದಿನಗಳಲ್ಲೂ ಬೇರೆ ಪ್ರಾರ್ಥನೆಗಳಿಂದಲೂ ಸಿಗುತ್ತದೆ ಎಂದು ನನಗೆ ತಿಳಿದದ್ದು ಅವಳು ಸತ್ತ ಎಷ್ಟೋ ವರ್ಷಗಳ ಮೇಲೆ. ಅಂದು ನಮಗೆ ಗೊತ್ತಿದ್ದದ್ದು ಒಂದೇ, ಅವಳ ಹತ್ತಿರ ಒಂದು ಇತ್ತು, ಅದು ಖರ್ಚಾಗಿಹೋಗಿತ್ತು. ಜುಬಿಲಿ ಇನ್ನೊಮ್ಮೆ ಬರುವಷ್ಟು ಕಾಲ ಅವಳಿಗೆ ಉಳಿದಿರಲಿಲ್ಲ.

ಮುಂದೆ ನಾನು ಕನ್ನಡದ ಶಿಕ್ಷಕಿಯಾದೆ. ಮೂವತ್ತು ವರ್ಷ ಸವರ್ಣದೀರ್ಘ ಸಂಧಿ ಕಲಿಸಿದೆ. ದೇವಾಲಯ, ಸುರಾಸುರ, ವಿದ್ಯಾಲಯ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಪರಾಧೀನ ಎಂಬ ಉದಾಹರಣೆಯನ್ನು ಒಮ್ಮೆಯೂ ಬರೆದವಳಲ್ಲ. ಮಕ್ಕಳಿಗೆ ಅದು ಗೊತ್ತಾಗುತ್ತಿರಲಿಲ್ಲ.

ಆ ಮಧ್ಯಾಹ್ನ ತಾಯಿ ಇನ್ನೂ ಒಂದು ಕೇಳಿದಳು. ಅನುಮಾನದಿಂದಲ್ಲ, ಎಲ್ಲಿಯೋ ಕೈತಪ್ಪಿದ್ದನ್ನು ಹುಡುಕುವವಳ ಹಾಗೆ ಕೇಳಿದಳು.

"ಚೀಟಿಯಲ್ಲಿ ನೀ ಎಂತ ಬರ್ದಿದ್ದಿ?"

"ನೀ ಹೇಳಿದ್ದೇ ಬರ್ದೆ" ಎಂದೆ.

ಅವಳು ತಲೆಯಾಡಿಸಿದಳು. ನನ್ನ ಕನ್ನಡದ ಮೇಲೆ ಅವಳಿಗೆ ಮೊದಲಿಂದಲೂ ನಂಬಿಕೆ. "ಹಾಂಗಾರೆ ನಾನೇ ಸಮಾ ಹೇಳ್ಲಿಲ್ಲ" ಎಂದು, ಬಂದವನಿಗೆ ಚಹಾ ಇಡಲು ಒಳಗೆ ಹೋದಳು.